ಉಳಿದವರೆಲ್ಲ ನಿಷ್ಠರೇ? ನರ್ಸಿಂಗ್ ಕಾಲೇಜಿನ ಮೂರು ತಲೆಮಾರು

ನಾನು ಪುಣೆಯ ಒಂದು ಖಾಸಗಿ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡ್ತೀನಿ, ಊರು ಧಾರವಾಡದ ಕಡೆ. ನಿಮ್ಮಲ್ಲಿ ಹೆಚ್ಚಿನವರು ಐಟಿಯವರು. "ಈಗಿನ ಹುಡುಗರು ಎರಡು ವರ್ಷ ಒಂದು ಕಡೆ ನಿಲ್ಲೋದಿಲ್ಲ" ಅನ್ನೋ ಮಾತು ನಿಮ್ಮ ಆಫೀಸಿನಲ್ಲೂ ಕೇಳಿರ್ತೀರಿ. ನಮ್ಮ ಕಾಲೇಜಿನಲ್ಲೂ ಇದೇ ಮಾತು ನಡೀತದೆ. ಅದು ಎಷ್ಟು ನಿಜ ಅಂತ ಇವತ್ತು ನೋಡೋಣ.

ನೌಕರರು ಸಂಸ್ಥೆಯಲ್ಲಿ ಯಾಕೆ ಉಳಿಯುತ್ತಾರೆ ಅನ್ನೋದಕ್ಕೆ ಮೇಯರ್ ಮತ್ತು ಆಲೆನ್ ಅನ್ನುವ ಮನಶ್ಶಾಸ್ತ್ರಜ್ಞರು 1991ರಲ್ಲಿ ಮೂರು ಕಾರಣ ವಿಂಗಡಿಸಿದರು. ಒಂದು, ಇಲ್ಲಿರೋದು ಇಷ್ಟ. ಎರಡು, ಬಿಟ್ಟರೆ ನಷ್ಟ. ಮೂರು, ಬಿಡೋದು ಸರಿಯಲ್ಲ ಅನ್ನೋ ಋಣದ ಭಾವನೆ. ಹಾಜರಿ ಪುಸ್ತಕದಲ್ಲಿ ಮಾತ್ರ ಮೂವರ ಸಹಿಯೂ ಒಂದೇ ಥರ ಕಾಣುತ್ತೆ!

ನಮ್ಮಲ್ಲಿ ನಿವೃತ್ತಿಗೆ ಹತ್ತಿರ ಬಂದಿರುವ ಒಬ್ಬ ಹಿರಿಯ ಮೇಡಂ ಇದ್ದಾರೆ. ಕಾಲೇಜು ಅಂದ್ರೆ ಅವರಿಗೆ ಮನೆ. ಒಂದು ದಿನ ಹಾಗಂದಾಗ, 26 ವರ್ಷದ ಟ್ಯೂಟರ್ ಮೆಲ್ಲಗೆ ಕೇಳಿದಳು: "ಮೇಡಂ, ಮನೆಯಲ್ಲಿ ಹನ್ನೊಂದು ತಿಂಗಳ ಕರಾರು ಇರುತ್ತಾ?" ಇಬ್ಬರ ನಡುವೆ ಕೂತಿದ್ದ ನಾನು ನಕ್ಕುಬಿಟ್ಟೆ. ಮೇಡಂ ಕೂಡ ನಕ್ಕರು. ಆಮೇಲೆ ಯಾರೂ ಮಾತಾಡಲಿಲ್ಲ.

ಆ ಪ್ರಶ್ನೆಯಲ್ಲಿ ಹುರುಳಿದೆ. ಸರ್ಕಾರಿ ಕೆಲಸವನ್ನೇ ತಗೊಳ್ಳಿ. ಕೇಂದ್ರದಲ್ಲಿ 2004ರ ಜನವರಿ 1ರಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರು ಹೊಸ ಪಿಂಚಣಿ ಪದ್ಧತಿಗೆ ಬಂದರು. ಒಂದೇ ಪ್ರಯೋಗಾಲಯದಲ್ಲಿ ಪಕ್ಕಪಕ್ಕ ನಿಂತು ಕಲಿಸುವ ಇಬ್ಬರಿಗೆ ಸಿಕ್ಕ ಭರವಸೆಯೇ ಬೇರೆ. ಖಾಸಗಿಯಲ್ಲಿ ಗ್ರಾಚ್ಯುಟಿ ನೋಡಿ. ಕಾಯ್ದೆ ಬಂದದ್ದು 1972ರಲ್ಲಿ, ಶಿಕ್ಷಕರನ್ನು ಸ್ಪಷ್ಟವಾಗಿ ಸೇರಿಸಿದ್ದು 2009ರ ತಿದ್ದುಪಡಿ. ಅದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2022ರಲ್ಲಿ. ಹೀಗಿರುವಾಗ ತಲೆಮಾರಿನ ಸ್ವಭಾವ ಅಂತ ನಾವು ಕರೆಯೋದರಲ್ಲಿ ಎಷ್ಟೋ ಪಾಲು ನೇಮಕಾತಿ ಪತ್ರದ್ದೇ ಅಂತ ನನಗನ್ನಿಸುತ್ತೆ.

ಕೆಲಸದ ಮೌಲ್ಯದಲ್ಲಿ ವ್ಯತ್ಯಾಸ ಇಲ್ಲವಾ? ಇದೆ. ಹಿರಿಯರು ಹೇಳಿದ ಕೆಲಸಕ್ಕೆ ಇಲ್ಲ ಅನ್ನಲ್ಲ. ಕಿರಿಯರು "ಇದು ನನ್ನ ಕೆಲಸವಾ, ಎಷ್ಟು ಹೊತ್ತು?" ಅಂತ ಕೇಳ್ತಾರೆ. ಆದರೆ ಅದೇ ಟ್ಯೂಟರ್, ತಾನು ನೋಡಿಕೊಳ್ಳುತ್ತಿದ್ದ ರೋಗಿ ತೀರಿಕೊಂಡಾಗ ಕುಸಿದ ವಿದ್ಯಾರ್ಥಿನಿಯ ಜೊತೆ ಸಂಜೆ ಎಂಟರವರೆಗೆ ಕೂತಿದ್ದಳು. ಯಾರೂ ಹೇಳಿರಲಿಲ್ಲ. ವೃತ್ತಿಯ ಮೇಲೆ ಅವಳ ನಿಷ್ಠೆ ಪೂರ್ತಿ ಇದೆ, ಸಂಸ್ಥೆಯ ಮೇಲೆ ಇಲ್ಲ. ಇವೆರಡನ್ನೂ ನಾವು ಒಂದೇ ತಕ್ಕಡಿಗೆ ಹಾಕಿಬಿಡ್ತೀವಿ.

ಈಗ ಅವಳು ಸಂಜೆ ಜರ್ಮನ್ ಕಲೀತಿದ್ದಾಳೆ. ಹೋಗ್ತಾಳೆ. ಹೋದರೆ ಪೆಟ್ಟು ಬೀಳೋದು ಮಕ್ಕಳಿಗೆ. ಭಾರತೀಯ ನರ್ಸಿಂಗ್ ಪರಿಷತ್ತು ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರು ಅಂತ ಪ್ರಮಾಣ ಇಟ್ಟಿರೋದು ಸುಮ್ಮನೆ ಅಲ್ಲ. ಮೊದಲ ಇಂಜೆಕ್ಷನ್ ಕೊಡುವಾಗ ಯಾರ ಕೈ ನಡುಗುತ್ತೆ, ಯಾರು ಔಷಧಿಯ ಪ್ರಮಾಣ ಅವಸರದಲ್ಲಿ ಓದ್ತಾರೆ ಅನ್ನೋದು ವಾರ್ಡಿನಲ್ಲಿ ಜೊತೆಗೆ ನಿಂತವರಿಗಷ್ಟೇ ಗೊತ್ತು. ವರ್ಷದ ನಡುವೆ ಬಂದ ಹೊಸಬರಿಗೆ ಅದು ಫೈಲಿನಲ್ಲಿ ಸಿಗಲ್ಲ.

ಕೆಲವು ಸಂಸ್ಥೆಗಳು ಮೂಲ ಅಂಕಪಟ್ಟಿ ಇಟ್ಟುಕೊಂಡು ಜನರನ್ನು ಉಳಿಸಿಕೊಳ್ತವೆ. ಅಂಥ ಕಡೆ ದೇಹ ಉಳಿಯುತ್ತೆ, ಮನಸ್ಸು ಬಾಗಿಲ ಕಡೆಗೇ ಇರುತ್ತೆ. ನಾನು ನಮ್ಮ ಆಡಳಿತದ ಮುಂದೆ ಎರಡೇ ಮಾತು ಇಟ್ಟಿದ್ದೀನಿ: ಕರಾರು ಕನಿಷ್ಠ ಒಂದು ಬ್ಯಾಚ್ ಓದು ಮುಗಿಸುವ ನಾಲ್ಕು ವರ್ಷದ್ದಾಗಲಿ, ವಾರ್ಡಿನಲ್ಲಿ ಹಿರಿಯರು, ಕಿರಿಯರು ಜೋಡಿಯಾಗಿ ಕಲಿಸಲಿ. ಉತ್ತರ ಇನ್ನೂ ಬಂದಿಲ್ಲ.

ನಿಮ್ಮಲ್ಲಿ ಟೀಮ್ ನಡೆಸುವವರಿಗೆ ಒಂದು ಮಾತು. ರಾಜೀನಾಮೆ ಬಂದ ಮೇಲೆ "ಯಾಕೆ ಹೋಗ್ತೀರಿ?" ಅಂತ ಎಲ್ಲರೂ ಕೇಳ್ತಾರೆ. ಇರುವವರನ್ನು "ನೀವು ಯಾಕೆ ಇದ್ದೀರಿ?" ಅಂತ ಈ ವಾರವೇ ಕೇಳಿ. ಬರುವ ಉತ್ತರ ಇಷ್ಟವೋ, ಋಣವೋ, ಬರೀ ನಷ್ಟದ ಭಯವೋ ಗಮನಿಸಿ.