ಹಾಸ್ಟೆಲಿನ ಪರಿಚಯ ಮತ್ತು ನಮ್ಮ ಸಂಘ

ಈ ವರ್ಷ ಊರು ಬಿಟ್ಟು ದೆಹಲಿಯ ಕಾಲೇಜುಗಳಿಗೆ ಸೇರಿರುವ ವಿದ್ಯಾರ್ಥಿ ಮಿತ್ರರೆ,

ಹಿತವಚನ ಹೇಳುವ ಕೆಲಸವನ್ನು ನಿಮ್ಮ ತಂದೆತಾಯಿಗಳು ರೈಲು ನಿಲ್ದಾಣದಲ್ಲಿಯೇ ಮುಗಿಸಿರುತ್ತಾರೆ. ಆದ್ದರಿಂದ ನಾನು ಒಂದೇ ವಿಷಯವನ್ನು ಎತ್ತಿಕೊಳ್ಳುತ್ತೇನೆ: ಹಾಸ್ಟೆಲಿನ ಮೊದಲ ವಾರಗಳಲ್ಲಿ ಹಿರಿಯ ವಿದ್ಯಾರ್ಥಿಗಳೊಡನೆ ನಡೆಯುವ ‘ಪರಿಚಯ’.

ರ್‍ಯಾಗಿಂಗಿನಿಂದ ಸಂಕೋಚ ಕಳೆಯುತ್ತದೆ, ಸ್ನೇಹ ಬೆಳೆಯುತ್ತದೆ ಎಂದು ವಾದಿಸುವವರು ನಮ್ಮಲ್ಲಿಯೂ ಇದ್ದಾರೆ. ಪರಿಚಯವೆಂಬುದು ಎರಡೂ ಕಡೆಯಿಂದ ಆಗಬೇಕಾದದ್ದು. ಕೇಳುವವನು ತನ್ನ ಹೆಸರು ಹೇಳದೆ, ಹೇಳುವವನು ತಲೆ ಎತ್ತದೆ ನಡೆಯುವುದು ವಿಚಾರಣೆಯೇ ಹೊರತು ಪರಿಚಯವಲ್ಲ.

1980ರ ದಶಕದ ಕೊನೆಯಲ್ಲಿ ನಾನು ಉತ್ತರ ಭಾರತದ ಒಂದು ವಿದ್ಯಾರ್ಥಿನಿಲಯವನ್ನು ಸೇರಿದಾಗ, ರಾತ್ರಿ ಊಟವಾದ ಮೇಲೆ ನನ್ನನ್ನು ಕುರ್ಚಿಯ ಮೇಲೆ ನಿಲ್ಲಿಸಿ ‘ನಿನ್ನ ಮದರಾಸಿ ಭಾಷೆಯಲ್ಲಿ ಭಾಷಣ ಮಾಡು’ ಎನ್ನುತ್ತಿದ್ದರು. ಒಂದೊಂದು ವಾಕ್ಯಕ್ಕೂ ನಗೆ. ಯಾರೂ ಮೈ ಮುಟ್ಟಲಿಲ್ಲ. ಆದರೆ ಅನಂತರ ಬಹುಕಾಲ, ಮನೆಗೆ ಫೋನು ಮಾಡುವಾಗ ಸುತ್ತ ಯಾರಿದ್ದಾರೆಂದು ನೋಡಿಕೊಂಡು ಕನ್ನಡ ಮಾತನಾಡುವಂತಾಯಿತು. ನಗುತ್ತಿದ್ದವರಲ್ಲಿ ನಮ್ಮ ಕಡೆಯವನೇ ಒಬ್ಬನಿದ್ದ. ಮಾತಿನ ಅರ್ಥ ತಿಳಿದು ನಕ್ಕವನು ಅವನೊಬ್ಬನೇ. ಅದೇ ಮಹಡಿಯ ಒಡಿಯಾ ಹುಡುಗನೊಬ್ಬ ತನ್ನ ಹಿಂದಿನ ವರ್ಷದ ಟಿಪ್ಪಣಿಗಳನ್ನು ತಂದುಕೊಟ್ಟು, ಮೆಸ್ಸಿನಲ್ಲಿ ಅನ್ನ ಎಷ್ಟು ಹೊತ್ತಿಗೆ ಮುಗಿದುಹೋಗುತ್ತದೆಂದು ತಿಳಿಸಿದ. (ಉತ್ತರದ ಮೆಸ್ಸಿನಲ್ಲಿ ಇದು ಸಣ್ಣ ಉಪಕಾರವಲ್ಲ.)

ಆಗ ದೂರು ಕೊಡಲು ಹೆಚ್ಚಿನ ದಾರಿಗಳಿರಲಿಲ್ಲ. 1996ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿಯೊಬ್ಬನ ಕೊಲೆಯಾದ ಮೇಲೆ ತಮಿಳುನಾಡು ಮರುವರ್ಷ ಕಾನೂನು ಮಾಡಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಮಾರ್ಗಸೂಚಿಗಳನ್ನು ನೀಡಿತು. 2007ರಲ್ಲಿ ರಾಘವನ್ ಸಮಿತಿಯ ವರದಿ ಬಂತು. 2009ರ ಮಾರ್ಚಿನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಮತ್ತೊಬ್ಬ ಹುಡುಗ ಸತ್ತ. ಅದೇ ಜೂನಿನಲ್ಲಿ ಯುಜಿಸಿ ತನ್ನ ನಿಯಮಾವಳಿಯನ್ನು ಹೊರಡಿಸಿತು. ನೀವೂ ನಿಮ್ಮ ಪೋಷಕರೂ ಸಹಿ ಮಾಡಿದ ಪ್ರಮಾಣಪತ್ರ ಅದರ ಫಲ. ಇಷ್ಟಾದರೂ 2023ರ ಆಗಸ್ಟಿನಲ್ಲಿ ಜಾದವಪುರದಲ್ಲಿ ಏನಾಯಿತೆಂಬುದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಸುತ್ತೋಲೆಗಳ ಮೇಲೆ ನನಗೆ ಅತಿಯಾದ ವಿಶ್ವಾಸವಿಲ್ಲ. ಅವನ್ನು ಬರೆಯುವುದೇ ನನ್ನ ವೃತ್ತಿ.

ಆದರೂ ಒಂದು ತಿದ್ದುಪಡಿ ಹೊರನಾಡ ಕನ್ನಡಿಗರಿಗೆ ತಿಳಿದಿರಬೇಕು. ಭಾಷೆ, ಪ್ರದೇಶ, ಜಾತಿ, ಹುಟ್ಟಿದ ಊರು, ಆರ್ಥಿಕ ಸ್ಥಿತಿ ಇವುಗಳ ಹೆಸರಿನಲ್ಲಿ ಸಹಪಾಠಿಯನ್ನು ದೈಹಿಕವಾಗಿಯಾಗಲಿ ಮಾನಸಿಕವಾಗಿಯಾಗಲಿ ಹಿಂಸಿಸುವುದೂ ರ್‍ಯಾಗಿಂಗೇ ಎಂದು 2016ರಲ್ಲಿ ಯುಜಿಸಿ ಸ್ಪಷ್ಟಪಡಿಸಿತು. ಅಂದು ಕುರ್ಚಿಯ ಮೇಲೆ ನಡೆದದ್ದು ಇಂದಾದರೆ ತಮಾಷೆಯಲ್ಲ, ಅಪರಾಧ. 1800-180-5522 ಎಂಬ ಸಹಾಯವಾಣಿಯನ್ನು ಬರೆದಿಟ್ಟುಕೊಳ್ಳಿ.

ಇನ್ನು ನಮ್ಮ ಮಾತು. ಕಿರುಕುಳ ಕೊಟ್ಟವನೂ ಕನ್ನಡಿಗನೇ ಆದಾಗ, ‘ನಮ್ಮ ಹುಡುಗರೇ ಅಲ್ಲವೆ, ಕೂರಿಸಿ ಮಾತನಾಡಿ ಮುಗಿಸೋಣ’ ಎನ್ನುವುದು ಸಂಘಗಳ ಹಳೆಯ ರೂಢಿ. ನೋವುಂಡವನು ಆಗ ತನ್ನವರ ಮನೆಯಲ್ಲೇ ಎರಡನೆಯ ಸಲ ಒಂಟಿಯಾಗುತ್ತಾನೆ. ಅಂಥವನನ್ನು ಕಾಲೇಜಿನ ಸಮಿತಿಯ ಮುಂದೆ ಕರೆದೊಯ್ಯಲು, ಬೇಕಾದರೆ ಪೊಲೀಸ್ ಠಾಣೆಗೆ ಜೊತೆಯಲ್ಲಿ ಹೋಗಲು, ಸಂಘ ಇಬ್ಬರು ಸದಸ್ಯರನ್ನು ನೇಮಿಸಬೇಕು. ಅವರಲ್ಲಿ ಒಬ್ಬರು ಮಹಿಳೆಯಾಗಿರಬೇಕು. ಕಾರ್ಯಕಾರಿ ಸಮಿತಿ ಮುಂದಿನ ಸಭೆಯಲ್ಲಿಯೇ ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.