ಕೋಮೋದಲ್ಲಿ ಒಂದು ಸಂಜೆಯ ನಡಿಗೆ

ಇಟಲಿಯ ಉತ್ತರದಲ್ಲಿ, ಆಲ್ಪ್ಸ್ ಪರ್ವತಗಳು ಬಯಲಿಗೆ ಇಳಿಯುವ ಎಡೆಯಲ್ಲಿ, ಕೋಮೋ ಎಂಬ ಸರೋವರವಿದೆ. ಭೂಪಟದಲ್ಲಿ ನೋಡಿದರೆ ಅದು ಕಾಲುಗಳನ್ನು ಅಗಲಿಸಿ ನಿಂತ ಮನುಷ್ಯನಂತೆ ಕಾಣುತ್ತದೆ. ಅಗಲ ಕಡಮೆ, ಉದ್ದ ಹೆಚ್ಚು, ಆಳವಂತೂ 400 ಮೀಟರಿಗೂ ಮಿಕ್ಕದ್ದು. ನೋಡುವವರ ಎಡಕ್ಕಿರುವ ಕಾಲಿನ ತುದಿಯಲ್ಲಿ, ಸರೋವರದ ಹೆಸರನ್ನೇ ಹೊತ್ತ ಕೋಮೋ ಪಟ್ಟಣವಿದೆ. ನಾನಿಂದು ಹೇಳಹೊರಟಿರುವುದು ಸರೋವರದ ಸೊಬಗನ್ನಲ್ಲ. ಅದನ್ನು ವರ್ಣಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. ಆ ಊರಿನ ಬೀದಿಗಳಲ್ಲಿ ನಾನು ಕಳೆದ ಎರಡು ಗಂಟೆಗಳ ಮಾತು ಇದು.

ಕೆಲವು ವರ್ಷಗಳ ಹಿಂದೆ, ಮಿಲಾನಿನಲ್ಲಿ ಓದುತ್ತಿದ್ದ ಮಗಳನ್ನು ಕಾಣಲು ಹೋಗಿದ್ದೆ. ಜೂನ್ ತಿಂಗಳು. "ಅಪ್ಪ, ಹಗಲಿನಲ್ಲಿ ಹೋದರೆ ಬರೀ ಜನ. ಸಂಜೆಯ ಹೊತ್ತು ಊರು ತೋರಿಸುತ್ತ ನಡೆಯುವವರಿದ್ದಾರಂತೆ, ಅವರ ಜೊತೆ ಹೋಗಿಬನ್ನಿ" ಎಂದಳು. ಮಿಲಾನಿನಿಂದ ರೈಲಿನಲ್ಲಿ ಒಂದು ಗಂಟೆಯ ಹಾದಿ. ನಮ್ಮಲ್ಲಿ ಊಟ ಮುಗಿಸಿ ಹಾಸಿಗೆ ಬಿಡಿಸುವ ವೇಳೆಗೆ ಅಲ್ಲಿ ಸಂಜೆ ಆರಂಭವಾಗುತ್ತದೆ. ಒಂಬತ್ತು ಗಂಟೆಗೂ ಆಕಾಶದಲ್ಲಿ ಬೆಳಕು ಉಳಿದಿರುತ್ತದೆ.

ಊರ ಹೆಬ್ಬಾಗಿಲಾದ ಪೋರ್ತಾ ತೋರ್ರೆಯ ಬುಡದಲ್ಲಿ ನಾವು ಹನ್ನೊಂದು ಮಂದಿ ಸೇರಿದ್ದೆವು. ದಾರಿ ತೋರಿಸಲು ಬಂದಾಕೆ ಅರವತ್ತು ದಾಟಿದ ಹೆಂಗಸು. ಬಿಳಿಯ ಕೂದಲು, ಹೆಗಲಲ್ಲಿ ಬಟ್ಟೆಯ ಚೀಲ. ಇಂಥವರು ಸಾಮಾನ್ಯವಾಗಿ ಎತ್ತಿಹಿಡಿಯುವ ಬಾವುಟವಾಗಲಿ ಬಣ್ಣದ ಕೊಡೆಯಾಗಲಿ ಆಕೆಯ ಕೈಯಲ್ಲಿರಲಿಲ್ಲ. "ನನ್ನ ಮಾತು ಬೇಸರವಾದರೆ ಸಂಕೋಚ ಬೇಡ, ಐಸ್‌ಕ್ರೀಂ ಅಂಗಡಿಗಳು ಹತ್ತಿರದಲ್ಲೇ ಇವೆ" ಎಂದು ಇಂಗ್ಲಿಷಿನಲ್ಲಿ ಹೇಳಿ ನಡೆಯತೊಡಗಿದರು.

ಪೋರ್ತಾ ತೋರ್ರೆ 1192ರಲ್ಲಿ ಕಟ್ಟಿದ್ದು. ಎತ್ತರ ಸುಮಾರು 40 ಮೀಟರು. ಹೊರಗಿನಿಂದ ಅದು ಮುಚ್ಚಿದ ಗೋಡೆ. ಊರೊಳಗೆ ಬಂದು ಹಿಂದಿರುಗಿ ನೋಡಿದರೆ ಜೋಡಿ ಜೋಡಿ ಕಮಾನುಗಳು ಒಂದರ ಮೇಲೊಂದು ಬಾಯಿ ತೆರೆದಿವೆ. ಹೊರಗಿನವರಿಗೆ ಒಂದು ಮುಖ, ಒಳಗಿನವರಿಗೆ ಇನ್ನೊಂದು. ಈ ಬಿಗಿಗೆ ಕಾರಣವಿತ್ತು. ಹತ್ತು ವರ್ಷ ಯುದ್ಧ ನಡೆಸಿದ ಮಿಲಾನಿನವರು 1127ರಲ್ಲಿ ಕೋಮೋವನ್ನು ನೆಲಸಮ ಮಾಡಿದ್ದರು. ಮುಂದೆ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸನ ಬೆಂಬಲದಿಂದ ಊರು ಮತ್ತೆ ಎದ್ದಿತು. "ಮಿಲಾನಿಗೂ ನಮಗೂ ರಾಜಿಯಾಗಿ ಬಹಳ ದಿನವೇನೂ ಆಗಿಲ್ಲ" ಎಂದು ಆಕೆ ನಗದೆ ಹೇಳಿದರು.

ಸಾನ್ ಫೆದೇಲೆ ಎಂಬ ಹಳೆಯ ಇಗರ್ಜಿಯ ಮುಂದಿನ ಚೌಕ ಒಂದು ಕಾಲಕ್ಕೆ ಧಾನ್ಯದ ಸಂತೆ ಕೂಡುತ್ತಿದ್ದ ಜಾಗ. ನಾವು ಹೋದಾಗ ಮಕ್ಕಳು ಚೆಂಡಾಡುತ್ತಿದ್ದರು; ಮುದುಕರು ಮೆಟ್ಟಿಲ ಮೇಲೆ ಕುಳಿತು ಅವರನ್ನು ಗದರಿಸುತ್ತಿದ್ದರು. ಅಲ್ಲಿ ಹೆಚ್ಚು ನಿಲ್ಲಲಿಲ್ಲ.

ಕೆಥೆಡ್ರಲಿನ ಮುಂದೆ ಮಾತ್ರ ನಿಲ್ಲಲೇಬೇಕಾಯಿತು. 1396ರಲ್ಲಿ ಆರಂಭವಾದ ಈ ಕಟ್ಟಡ ಮುಗಿಯಲು ಮುನ್ನೂರು ವರ್ಷಗಳಿಗೂ ಹೆಚ್ಚು ಹಿಡಿಯಿತು. ಅದರ ಮಗ್ಗುಲಿಗೇ ಅಂಟಿಕೊಂಡಂತೆ ಬ್ರೊಲೆತ್ತೊ ಎಂಬ ಪೌರಸಭೆಯ ಮಂದಿರವಿದೆ. 1215ರದು, ಬಿಳಿ, ಬೂದು, ಕೆಂಪು ಕಲ್ಲುಗಳ ಪಟ್ಟೆ ಪಟ್ಟೆ ಗೋಡೆ. ದೇವರ ಮನೆ ದೊಡ್ಡದಾಗುತ್ತ ಬಂದಂತೆ ಪೌರರ ಮನೆಯ ಒಂದು ಭಾಗವನ್ನು ಕೆಡವಿ ಜಾಗ ಮಾಡಿಕೊಟ್ಟರಂತೆ. ನನ್ನನ್ನು ಬೆರಗುಗೊಳಿಸಿದ್ದು ಅದಲ್ಲ. ಕೆಥೆಡ್ರಲಿನ ಹೆಬ್ಬಾಗಿಲ ಎರಡೂ ಪಕ್ಕಗಳಲ್ಲಿ, ಸಂತರ ಮೂರ್ತಿಗಳ ನಡುವೆ, ಕಲ್ಲಿನ ಗೂಡುಗಳಲ್ಲಿ ಇಬ್ಬರು ಕುಳಿತಿದ್ದಾರೆ. ಅವರು ಸಂತರಲ್ಲ, ಕ್ರೈಸ್ತರೂ ಅಲ್ಲ. ಒಬ್ಬ ಹಿರಿಯ ಪ್ಲಿನಿ, ಇನ್ನೊಬ್ಬ ಅವನ ಸೋದರಳಿಯ ಕಿರಿಯ ಪ್ಲಿನಿ.

ಹಿರಿಯ ಪ್ಲಿನಿ ತನ್ನ ಕಾಲದ ಅರಿವನ್ನೆಲ್ಲ ಒಂದು ಮಹಾಗ್ರಂಥದಲ್ಲಿ ಕೂಡಿಟ್ಟವನು; ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ, ಜನರನ್ನು ಪಾರುಮಾಡಲು ಹಡಗುಗಳನ್ನು ಕೊಂಡೊಯ್ದು ಪ್ರಾಣ ಬಿಟ್ಟವನು. ಕಿರಿಯ ಪ್ಲಿನಿ ಪತ್ರಗಳಿಂದ ಪ್ರಸಿದ್ಧ. ಈ ಊರಿಗೊಂದು ಗ್ರಂಥಾಲಯ ಮಾಡಿಕೊಟ್ಟ. ಇಲ್ಲಿಯ ಹುಡುಗರು ಓದಿಗಾಗಿ ಮಿಲಾನಿಗೆ ಹೋಗಬೇಕಾಗಿದೆ ಎಂದು ತಿಳಿದು, ಊರಿನಲ್ಲೇ ಉಪಾಧ್ಯಾಯರನ್ನು ನೇಮಿಸಿಕೊಳ್ಳಿ, ವೆಚ್ಚದ ಮೂರನೆಯ ಒಂದು ಪಾಲು ನನ್ನದು ಎಂದ. ಪೂರ್ತಿ ಹಣ ಕೊಡಲು ಅವನಿಗೆ ಶಕ್ತಿಯಿತ್ತು. ಆದರೆ ತಮ್ಮ ಕಾಸೂ ಸೇರಿದ್ದರೆ ಮಾತ್ರ ತಂದೆತಾಯಿಗಳು ಒಳ್ಳೆಯ ಉಪಾಧ್ಯಾಯನನ್ನು ಹುಡುಕುತ್ತಾರೆಂಬುದು ಅವನ ಎಣಿಕೆ. ಉಪಾಧ್ಯಾಯ ವೃತ್ತಿಯಲ್ಲೇ ಕೂದಲು ನರೆಸಿಕೊಂಡ ನನಗೆ ಇದು ಬಹಳ ಹಿಡಿಸಿತು.

ಆದರೆ ಇದೇ ಕಿರಿಯ ಪ್ಲಿನಿ ಬಿಥಿನಿಯ ಪ್ರಾಂತದ ಅಧಿಕಾರಿಯಾಗಿದ್ದಾಗ, ತಮ್ಮ ಮತವನ್ನು ಬಿಡಲೊಪ್ಪದ ಕ್ರೈಸ್ತರನ್ನು ಕೊಲ್ಲಿಸಿದವನು. ಸೇವಾನಿರತರಾದ ಇಬ್ಬರು ದಾಸಿಯರನ್ನು ಚಿತ್ರಹಿಂಸೆಗೆ ಗುರಿಮಾಡಿ ವಿಚಾರಿಸಿದವನು. ಇದನ್ನು ಶತ್ರುಗಳು ಹೇಳಿದ್ದಲ್ಲ. ಟ್ರೇಜನ್ ಚಕ್ರವರ್ತಿಗೆ ಅವನೇ ಬರೆದ ಪತ್ರದಲ್ಲಿದೆ. ಅಂಥವನನ್ನು ಹದಿನೈದನೆಯ ಶತಮಾನದ ಕೊನೆಯಲ್ಲಿ ಕ್ರಿಸ್ತನ ಮಂದಿರದ ಮುಖದ ಮೇಲೆಯೇ ಕೂರಿಸಿದರು.

"ಹೀಗೇಕೆ?" ಎಂದು ಕೇಳಿದೆ. "ಹಿರಿಯ ಪ್ಲಿನಿ ತಮ್ಮ ಊರವನೆಂದು ವೆರೋನದವರು ವಾದ ಹೂಡಿದ್ದರು. ನಮ್ಮವರು ಸುಮ್ಮನಿರುತ್ತಾರೆಯೆ? ಊರಿನ ಅಭಿಮಾನ ದೊಡ್ಡದು, ಪಾದ್ರಿಗಳಿಗೂ ಅದು ಇರುತ್ತದೆ" ಎಂದರು ಆಕೆ.

ಎದುರಿನ ಕಮಾನುಸಾಲಿನ ಕೆಳಗೆ ಅಂಗಡಿಗಳ ಗಾಜಿನೊಳಗೆ ದೀಪಗಳು ಬೆಳಗಿದ್ದವು. ಒಂದರಲ್ಲಿ ರೇಷ್ಮೆಯ ಚೌಕಗಳು, ಕಂಠವಸ್ತ್ರಗಳು. ಕೋಮೋದ ರೇಷ್ಮೆ ಲೋಕಪ್ರಸಿದ್ಧ. ಈಗ ಅಲ್ಲಿ ನಡೆಯುವುದು ನೇಯ್ಗೆ, ಬಣ್ಣ, ಅಚ್ಚಿನ ಕೆಲಸ. ಕಚ್ಚಾ ನೂಲು ಬಹುಪಾಲು ಬರುವುದು ಚೀನದಿಂದ. ಹಿಂದೆ ಹಾಗಿರಲಿಲ್ಲ, ಸುತ್ತಣ ಹಳ್ಳಿಗಳಲ್ಲೆಲ್ಲ ಹಿಪ್ಪುನೇರಳೆ, ಮನೆಮನೆಯಲ್ಲೂ ಹುಳು. ಹತ್ತೊಂಬತ್ತನೆಯ ಶತಮಾನದ ನಡುವೆ ಹುಳುಗಳಿಗೆ ಪೆಬ್ರಿನ್ ರೋಗ ಬಡಿದಾಗ ಲೊಂಬಾರ್ದಿಯ ವರ್ತಕರು ರೋಗವಿಲ್ಲದ ಮೊಟ್ಟೆಗಳನ್ನು ಹುಡುಕಿಕೊಂಡು ಜಪಾನಿನವರೆಗೆ ಹೋದರು. ಆ ದಿನಗಳಲ್ಲೇ, 1860ರ ದಶಕದಲ್ಲಿ, ಡಿ ವೆಚ್ಚಿ ಎಂಬ ಇಟಲಿಯವರೊಬ್ಬರು ಬೆಂಗಳೂರಿನಲ್ಲಿ ನೆಲೆಸಿ, ಜಪಾನಿನ ಮೊಟ್ಟೆಗಳನ್ನು ಮೈಸೂರು ಸೀಮೆಗೆ ತರಿಸಿದ್ದುಂಟು. ಎರಡು ದೇಶಗಳ ಹುಳುಗಳಿಗೆ ಅಷ್ಟರಮಟ್ಟಿನ ನೆಂಟಸ್ತಿಕೆ.

ನನಗೂ ಆ ನೆಂಟಸ್ತಿಕೆಯಲ್ಲಿ ಪಾಲಿದೆ. ನಾನು ಹುಟ್ಟಿದ್ದು ಶಿಡ್ಲಘಟ್ಟದ ಕಡೆ. ನನ್ನ ತಾಯಿ ನೂಲು ಬಿಚ್ಚಾಣಿಕೆಯಿಂದಲೇ ನನ್ನನ್ನು ಓದಿಸಿದವರು. ಕುದಿಯುವ ನೀರಿನ ಬಾಣಲೆಯಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯ ತುದಿಯನ್ನು ಬೆರಳುಗಳಿಂದಲೇ ಹಿಡಿದು ಎತ್ತಬೇಕು. ಅಮ್ಮನ ಬೆರಳ ತುದಿಗಳು ಬೆಳ್ಳಗೆ ಸೆಲೆತು ಬಿರಿದಿರುತ್ತಿದ್ದವು. ಸತ್ತ ಹುಳುವಿನ ನಾತ ಸೀರೆಯಿಂದ ಎಂದೂ ಹೋಗುತ್ತಿರಲಿಲ್ಲ. ಹೈಸ್ಕೂಲಿಗೆ ಹೋಗುವಾಗ ನಾನು ಆ ನಾತಕ್ಕೆ ನಾಚುತ್ತಿದ್ದೆ. ಗೆಳೆಯರು ಮನೆಗೆ ಬರುವೆನೆಂದರೆ ಏನಾದರೊಂದು ನೆವ ಹೇಳುತ್ತಿದ್ದೆ. ಅಮ್ಮನಿಗೆ ಅದು ತಿಳಿದಿತ್ತೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಗಾಜಿನಾಚೆಯ ರೇಷ್ಮೆಯನ್ನು ನೋಡುತ್ತ, "ಇಲ್ಲಿ ನೂಲು ತೆಗೆಯುತ್ತಿದ್ದವರು ಯಾರು?" ಎಂದೆ. ಆಕೆ ನನ್ನನ್ನು ಒಮ್ಮೆ ದಿಟ್ಟಿಸಿದರು. "ಹೆಂಗಸರು. ಚಿಕ್ಕ ಹುಡುಗಿಯರು. ಫಿಲಾಂದೇರೆ ಎನ್ನುತ್ತಿದ್ದರು. ನನ್ನ ಅಜ್ಜಿ ಅವರಲ್ಲೊಬ್ಬಳು. ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಬೆಲೆ ಕೇಳುತ್ತಾರೆ" ಎಂದರು. ನನ್ನ ತಾಯಿಯ ವಿಷಯ ಹೇಳಿದೆ. ಆಕೆ ಮಾತನಾಡದೆ ತಮ್ಮ ಬಲಗೈಯ ಬೆರಳುಗಳನ್ನು ನೀರಿನಲ್ಲಿ ಅದ್ದಿ ತೆಗೆಯುವಂತೆ ಗಾಳಿಯಲ್ಲಿ ಆಡಿಸಿದರು. ಎಳೆ ಹಿಡಿದು ಮೇಲಕ್ಕೆತ್ತುವ ಆ ಚಳಕವನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ಉಳಿದವರಿಗೆ ಇದೇನೆಂದು ತಿಳಿಯಲಿಲ್ಲ. ಒಬ್ಬಿಬ್ಬರು ಐಸ್‌ಕ್ರೀಂ ತರಲು ಹೋದರು.

ಕೆಥೆಡ್ರಲಿನ ಹಿಂಬದಿಗೆ ಸುತ್ತಿ, ಮಿಲಾನಿನ ರೈಲುಹಳಿಯನ್ನು ದಾಟಿದರೆ ಒಂದು ಬಯಲು. ಅಂಚಿನಲ್ಲಿ ಬೆಳ್ಳಗಿನ, ಅಲಂಕಾರವೇ ಇಲ್ಲದ ಕಟ್ಟಡ. ಅಗಲ 33 ಮೀಟರು, ಎತ್ತರ ಸರಿಯಾಗಿ ಅದರರ್ಧ. ತೆರೆದ ಚೌಕಗಳು, ಗಾಜು, ಅಮೃತಶಿಲೆ. ಸಂಜೆಯ ಕೊನೆಯ ಬೆಳಕು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬರುತ್ತಿರುವಂತಿತ್ತು. ನಾನು ಶಿಲ್ಪಶಾಸ್ತ್ರ ಬಲ್ಲವನಲ್ಲ. ಆದರೂ ಇದು ಸುಂದರವೆಂದು ಮನಸ್ಸು ಕೂಡಲೆ ಒಪ್ಪಿಬಿಟ್ಟಿತು. ಆಮೇಲೆ ಆಕೆ ಹೆಸರು ಹೇಳಿದರು: ಕಾಸಾ ದೆಲ್ ಫಾಶೊ. ಮುಸೊಲಿನಿಯ ಫ್ಯಾಸಿಸ್ಟ್ ಪಕ್ಷಕ್ಕಾಗಿ ಜುಸೆಪ್ಪೆ ತೆರ್ರಾನಿ ಎಂಬ ವಾಸ್ತುಶಿಲ್ಪಿ 1932ರಿಂದ 1936ರವರೆಗೆ ಕಟ್ಟಿದ್ದು. ಫ್ಯಾಸಿಸಂ ಎಂದರೆ ಎಲ್ಲರೂ ಒಳಗೆ ಇಣುಕಬಹುದಾದ ಗಾಜಿನ ಮನೆಯೆಂದು ಮುಸೊಲಿನಿ ಹೇಳಿಕೊಂಡಿದ್ದ. ಅದನ್ನು ನಂಬಿದ ತರುಣ ಶಿಲ್ಪಿ ಅಕ್ಷರಶಃ ಗಾಜಿನ ಮನೆಯನ್ನೇ ಕಟ್ಟಿಕೊಟ್ಟ. ಅವನನ್ನು ರಷ್ಯದ ರಣರಂಗಕ್ಕೆ ಕಳಿಸಿದರು. ಮನಸ್ಸು ಮುರಿದು ಹಿಂದಿರುಗಿ, 1943ರ ಜುಲೈಯಲ್ಲಿ ತೀರಿಕೊಂಡ. ಇನ್ನೂ ನಲವತ್ತು ತುಂಬಿರಲಿಲ್ಲ. ಎರಡು ವರ್ಷಗಳಾಗುವುದರೊಳಗೆ, 1945ರ ಏಪ್ರಿಲ್ 28ರಂದು, ಮುಸೊಲಿನಿಯನ್ನು ಗುಂಡಿಕ್ಕಿ ಕೊಂದದ್ದು ಇದೇ ಸರೋವರದ ದಡದ ಹಳ್ಳಿಯೊಂದರಲ್ಲಿ.

"ನನ್ನ ತಾಯಿ ಈ ಕಟ್ಟಡದ ಮುಂದೆ ಬಂದಾಗಲೆಲ್ಲ ಮುಖ ತಿರುಗಿಸಿ ನಡೆಯುತ್ತಿದ್ದಳು. ಕಾರಣ ಹೇಳುತ್ತಿರಲಿಲ್ಲ. ತಂದೆ ಇಲ್ಲಿಯೇ ನಿಂತು ನೋಡುತ್ತಿದ್ದರು, ಅವರೂ ಏನೂ ಹೇಳುತ್ತಿರಲಿಲ್ಲ. ಇಬ್ಬರ ಕೈ ಹಿಡಿದುಕೊಂಡು ನಡುವೆ ನಾನು ನಿಂತಿರುತ್ತಿದ್ದೆ" ಎಂದರು ಆಕೆ.

"ಈಗ ನೀವು ಯಾರ ಕಡೆ?" ಎಂದು ನಮ್ಮ ಗುಂಪಿನ ಡೆನ್ಮಾರ್ಕಿನ ಹುಡುಗನೊಬ್ಬ ಕೇಳಿಯೇಬಿಟ್ಟ.

"ಕೊನೆಯಲ್ಲಿ ಹೇಳುತ್ತೇನೆ" ಎಂದು ಆಕೆ ಮುಂದೆ ನಡೆದರು.

ಸರೋವರದ ದಂಡೆಗೆ ಬರುವ ಹೊತ್ತಿಗೆ ಎದುರು ಬೆಟ್ಟದ ಬ್ರುನಾತೆ ಹಳ್ಳಿಯ ದೀಪಗಳು ನೀರಿಗಿಳಿದಿದ್ದವು. ಈ ಊರಿನ ದೊಡ್ಡ ಮಗ ಅಲೆಸ್ಸಾಂದ್ರೊ ವೋಲ್ಟಾ. ಎಲ್ಲ ಬ್ಯಾಟರಿಗಳಿಗೂ ಮೂಲವಾದ ತನ್ನ ಉಪಕರಣವನ್ನು ಕುರಿತು 1800ರ ಮಾರ್ಚಿಯಲ್ಲಿ ಲಂಡನ್ನಿಗೆ ಪತ್ರ ಬರೆದದ್ದು ಕೋಮೋದಿಂದಲೇ. ದಂಡೆಯ ಮೇಲೆ ಅವನಿಗೊಂದು ಗುಡಿಯನ್ನೇ ಕಟ್ಟಿದ್ದಾರೆ. 1899ರಲ್ಲಿ ಅವನ ಗೌರವಾರ್ಥ ಏರ್ಪಡಿಸಿದ್ದ ವಿದ್ಯುತ್ ಪ್ರದರ್ಶನಕ್ಕೆ ಬೆಂಕಿ ಬಿದ್ದು, ಅವನು ಕೈಯಾರೆ ಬಳಸಿದ ಅನೇಕ ಉಪಕರಣಗಳು ಸುಟ್ಟುಹೋದವು. 1927ರಲ್ಲಿ, ಅವನು ತೀರಿಕೊಂಡ ನೂರನೆಯ ವರ್ಷ, ಲೋಕದ ದೊಡ್ಡ ಭೌತವಿಜ್ಞಾನಿಗಳು ಈ ಊರಿನಲ್ಲಿ ಕೂಡಿದರು; ನೀಲ್ಸ್ ಬೋರ್ ಮಾತನಾಡಿದರು, ನಮ್ಮ ಮೇಘನಾದ ಸಾಹಾ ಬಂದಿದ್ದರು. ಐನ್‌ಸ್ಟೈನ್ ಬರಲಿಲ್ಲ. ಮುಸೊಲಿನಿಯ ಆಳ್ವಿಕೆಯ ನೆಲದಲ್ಲಿ ನಡೆವ ಉತ್ಸವಕ್ಕೆ ಹೋಗಲು ಅವರಿಗೆ ಮನಸ್ಸಿರಲಿಲ್ಲ.

ವೋಲ್ಟಾನ ಗುಡಿಯಿಂದ ಸ್ವಲ್ಪ ದೂರದಲ್ಲಿ, ಮರಗಳ ನಡುವೆ, ಎಲ್ಲಿಗೂ ಹೋಗದ ಮೂರು ಮೆಟ್ಟಿಲುಸಾಲುಗಳಿವೆ. ಯೂರೋಪಿನ ಪ್ರತಿರೋಧ ಹೋರಾಟದ ಸ್ಮಾರಕ, 1983ರದು. ನಾಜಿಗಳ ಮತ್ತು ಫ್ಯಾಸಿಸ್ಟರ ಕೈಯಲ್ಲಿ ಮರಣದಂಡನೆಗೆ ಗುರಿಯಾದವರು ಸಾಯುವ ಮುನ್ನ ಮನೆಗೆ ಬರೆದ ಕಾಗದಗಳ ಸಾಲುಗಳನ್ನು ಲೋಹದ ಫಲಕಗಳಲ್ಲಿ ಕೆತ್ತಿದ್ದಾರೆ. ಪ್ಲಿನಿಗೂ ವೋಲ್ಟಾನಿಗೂ ಇರುವಂಥ ಮುಖ ಇಲ್ಲಿ ಯಾರಿಗೂ ಇಲ್ಲ.

ಓದಲು ಬೆಳಕು ಸಾಲದಾಗಿತ್ತು. ಆಕೆ ಮೊಬೈಲಿನ ದೀಪ ಹಚ್ಚಿ, ಒಂದು ಫಲಕದ ಮೇಲೆ ಹಿಡಿದು, ಇಂಗ್ಲಿಷಿನಲ್ಲಿ ಮೆಲ್ಲಗೆ ಅರ್ಥ ಹೇಳಿದರು. ತಾಯಿಗೆ ಮಗ ಬರೆದ ಕಾಗದ. ಡೆನ್ಮಾರ್ಕಿನ ಹುಡುಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ತನ್ನ ಪ್ರಶ್ನೆಯನ್ನು ಅವನು ಮತ್ತೆ ಕೇಳಲಿಲ್ಲ, ಆಕೆಯೂ ಅದನ್ನು ಎತ್ತಲಿಲ್ಲ.

ಉಳಿದವರು ಒಬ್ಬೊಬ್ಬರಾಗಿ ವಂದನೆ ಹೇಳಿ ಚದುರಿದರು. ನನಗೆ ರೈಲಿಗೆ ಹೊತ್ತಾಗಿತ್ತು. ಕೈಕುಲುಕಲು ಹೋದಾಗ ಆಕೆ ನನ್ನ ಕೈಯನ್ನು ತಿರುಗಿಸಿ ಬೆರಳ ತುದಿಗಳನ್ನು ನೋಡಿದರು. "ನುಣುಪಾಗಿವೆ" ಎಂದರು. "ಹೌದು, ಅಮ್ಮ ನನ್ನನ್ನು ಬಾಣಲೆಯ ಹತ್ತಿರ ಬರಗೊಡಲಿಲ್ಲ" ಎಂದೆ. ನಿಲ್ದಾಣದ ದಾರಿಯನ್ನು ತೋರಿಸಿ, ಎಡಕ್ಕೆ ತಿರುಗುವುದನ್ನು ಮರೆಯಬೇಡಿ ಎಂದು ಎರಡು ಸಲ ಹೇಳಿ, ಆಕೆ ದಂಡೆಯ ಗುಂಟ ತಮ್ಮ ಮನೆಯ ಕಡೆ ಹೊರಟರು.