ಹಿಂದಿನ ಟೈರ್ ಹಾಕಿದ್ಮ್ಯಾಲೆ ಮೊದಲು ಬ್ರೇಕ್ ತುಳೀರಿ

ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯಿಂದ ಮಾತಾಡ್ತಿದ್ದೀನಿ. ಇವತ್ತು ನನ್ನ ಹಿಮಾಲಯನ್ 411ರ ಹಿಂದಿನ ಟೈರ್ ಬದಲಿಸಿದೆ. ಲಗೇಜು, ಹಿಂದ ಕೂತವರ ಭಾರ ಎಲ್ಲಾ ಇದರ ಮ್ಯಾಲೇ.

ಅಳತೆ 120/90-17. ಅಂಗಡಿಯವರು ಹೊಸದು ಅಂದ್ರೂ ಟೈರ್ ಪಕ್ಕದ ನಾಲ್ಕು ಅಂಕಿ ಓದ್ರಿ: 1024 ಅಂದ್ರೆ 2024ರ 10ನೇ ವಾರ ತಯಾರಾದದ್ದು. ಬಾಣದ ಗುರುತು ಚಕ್ರ ಮುಂದಕ್ಕೆ ಉರುಳೋ ದಿಕ್ಕಿಗೇ ಇರಬೇಕು. ಟ್ಯೂಬಿಗೆ ಚೂರು ಗಾಳಿ ಹಾಕಿಯೇ ಒಳಗೆ ಕೂಡಿಸ್ರಿ. ಇಲ್ಲಾಂದ್ರೆ ಲಿವರ್ ಚಿವುಟಿ ತೂತಾಗ್ತೈತಿ. ಪಂಕ್ಚರ್ ಅಂಗಡಿ ಕಾಕಾ ಸಾಬೂನು ನೀರು ಸವರಿ, ಮೊಣಕಾಲಿಂದ ಒತ್ತಿ ಅರ್ಧ ಟೈರ್ ಹಂಗೇ ರಿಮ್ಮಿಗೆ ಇಳಿಸಿಬಿಟ್ರು. ನೋಡೋಕೇ ಚಂದ!

ಜನ ಮರೆಯೋದು ಕೊನೀಗೆ. ಡಿಸ್ಕ್ ಕೂಡಿಸೋಕೆ ಬ್ರೇಕ್ ಪ್ಯಾಡ್ ಅಗಲ ಮಾಡಿರ್ತೀವಿ. ಆಮೇಲೆ ಮೊದಲ ಸಲ ತುಳಿದ್ರೆ ಪೆಡಲ್ ಸೀದಾ ಕೆಳಗೆ ಹೋಗ್ತೈತಿ, ಬ್ರೇಕೇ ಹಿಡಿಯಂಗಿಲ್ಲ. ಗಾಡಿ ನಿಂತಿರುವಾಗ್ಲೇ ಪೆಡಲ್ ಗಟ್ಟಿಯಾಗೋ ತನಕ ತುಳೀತಾ ಇರ್ರಿ. ಚೈನ್ ಅಡ್ಜಸ್ಟರ್ ಗುರುತು ಎರಡೂ ಬದಿ ಒಂದೇ ಇರ್ಲಿ.

ಹೊಸ ರಬ್ಬರ್ ಮೊದಮೊದಲು ಜಾರ್ತೈತಿ. ಸಂಜಿಮುಂದ ಒಬ್ಬನೇ ಗದಗಕ್ಕೆ ಹೋಗಿ ಬರ್ತೀನಿ. ತುಂಗಭದ್ರಾ ಸೇತುವೆ ದಾಟಿ ಹಂಪಿಗೆ ಹೋಗಬೇಕಂತ ಅವ್ವ ಕಾಯ್ತಿದ್ದಾಳ, ಅದು ನಾಡಿದ್ದು.